ಕರೆಂಟಿಗೂ ಒಂದು ಸೊಸೈಟಿ: ಸದಸ್ಯರಾದರೆ ಸಿಗುವುದೇನು?

ಸಹಕಾರ ವಿಷಯ ಓದುತ್ತಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ವಿದ್ಯುತ್ ಸಹಕಾರ ಸಂಘ ಅಂದರೆ ಕರೆಂಟು ಬಳಸುವವರೇ ಸೇರಿ ಕಟ್ಟಿಕೊಂಡ, ಅವರೇ ಮಾಲೀಕರಾಗಿರುವ ಸಂಘ. ನಮ್ಮ ಮೂರು ಜಿಲ್ಲೆಗಳಲ್ಲೂ ಮನೆಗೆ ಕರೆಂಟು ಕೊಡುವುದು ಬೆಸ್ಕಾಂ. ಹಾಗಾಗಿ ಇಂಥ ಸಂಘವನ್ನು ನಾವು ಕಣ್ಣಾರೆ ನೋಡಿಲ್ಲ. ಆದರೆ ಹಾಲಿನ ಡೈರಿ ನಮಗೆ ಚೆನ್ನಾಗಿ ಗೊತ್ತು. ಷೇರು, ಮಹಾಸಭೆ, ಬೋನಸ್ಸು, ಫ್ಯಾಟ್ ಕಡಿಮೆ ಬಂತೆಂದು ಕಾರ್ಯದರ್ಶಿ ಜೊತೆ ಮಾತಿಗೆ ಮಾತು, ಇವೆಲ್ಲ ಮನೆಯ ವಿಷಯಗಳು. ಡೈರಿಯ ಲೆಕ್ಕ ಅರ್ಥವಾದವರಿಗೆ ಕರೆಂಟು ಸಂಘದ ಲೆಕ್ಕ ಅರ್ಧ ಅರ್ಥವಾದಂತೆಯೇ. ಉಳಿದ ಅರ್ಧ ಸ್ವಲ್ಪ ಬೇರೆ, ಅದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಲೈನು ಮೊದಲು ಯಾರ ಬಾಗಿಲಿಗೆ?

ಕೋಲಾರದವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: ನಮಗೆ ಬೆಂಗಳೂರಿಗಿಂತ ಮೊದಲೇ ಕರೆಂಟು ಬಂತು. ಮಾತು ನಿಜ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ಉದ್ದದ ಲೈನು ನೇರ ಕೆಜಿಎಫ್ ಗಣಿಗಳಿಗೆ ಬಂತು. ಆ ಕಾಲಕ್ಕೆ ಜಗತ್ತಿನಲ್ಲೇ ತುಂಬಾ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಆದರೆ ಕರೆಂಟು ಬಂದದ್ದು ಗಣಿಗೆ. ಲೈನು ಹಾದುಬಂದ ದಾರಿಯ ಹಳ್ಳಿಗಳು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಇದರಲ್ಲಿ ಯಾರದ್ದೋ ಕೆಟ್ಟತನ ಹುಡುಕಬೇಕಾಗಿಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗೆ ದುಡ್ಡು ಹಾಕುವವರು ಮೊದಲು ನೋಡುವುದು ಒಂದು ಕಿಲೋಮೀಟರ್ ಲೈನು ಎಳೆದರೆ ಎಷ್ಟು ಯೂನಿಟ್ ಮಾರಾಟವಾಗುತ್ತದೆ ಎಂದು. ಗಣಿಯಲ್ಲಿ ಹಗಲೂ ರಾತ್ರಿ ಮೋಟಾರು ಓಡುತ್ತದೆ. ಹಳ್ಳಿಯಲ್ಲಿ ಸಂಜೆ ಎರಡು ಬಲ್ಬು.

ಅಮೆರಿಕದಲ್ಲೂ ನಡೆದದ್ದು ಇದೇ. 1930ರ ದಶಕದ ನಡುವಿನ ಹೊತ್ತಿಗೆ ಅಲ್ಲಿನ ನಗರಗಳು ಝಗಮಗ ಅನ್ನುತ್ತಿದ್ದರೂ, ರೈತರ ಮನೆಗಳಲ್ಲಿ ಕರೆಂಟು ಇದ್ದದ್ದು ಹತ್ತಕ್ಕೆ ಒಂದರಲ್ಲಿ ಮಾತ್ರ. ತೋಟದ ಮನೆಗಳು ದೂರ ದೂರ, ಲೈನು ಎಳೆದರೆ ಗಿಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಹಿಂಜರಿದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆ ಒಂದು ಪ್ರತ್ಯೇಕ ಸಂಸ್ಥೆ ಮಾಡಿದರು. ಮರುವರ್ಷ ಅದಕ್ಕೆ ಕಾನೂನೂ ಆಯಿತು. ಸರ್ಕಾರ ಕಡಿಮೆ ಬಡ್ಡಿಗೆ ದೀರ್ಘಾವಧಿ ಸಾಲ ಕೊಟ್ಟಿತು, ಸಂಘ ಕಟ್ಟಿಕೊಂಡು ಲೈನು ಎಳೆದವರು ಬಹುಪಾಲು ರೈತರೇ. ಸದಸ್ಯತ್ವಕ್ಕೆ ಸಾಮಾನ್ಯವಾಗಿ ಐದು ಡಾಲರ್. ಈಗ ಅಲ್ಲಿ ಸುಮಾರು 900 ಇಂಥ ಸಂಘಗಳಿವೆ, ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಕರೆಂಟು ಕೊಡುತ್ತಿವೆ.

ಅಂದರೆ ಸದಸ್ಯರಿಗೆ ಸಿಕ್ಕ ಮೊದಲ ಲಾಭ ಕರೆಂಟು ಬಂದದ್ದೇ. ಬಿಲ್ಲು ಕಡಿಮೆಯಾಯಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಉತ್ತರ ಬರೆಯುವಾಗ ಹೆಚ್ಚಿನವರು "ಕಡಿಮೆ ದರ" ಎಂದು ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಸರಿಯಾದ ಆರಂಭ ಅಲ್ಲ.

ಉಳಿದ ದುಡ್ಡು ಯಾರದ್ದು?

ಈ ಭಾಗವನ್ನು ನಿಧಾನವಾಗಿ ಓದಿ. ಕಂಪನಿಗೆ ವರ್ಷದ ಕೊನೆಗೆ ಲಾಭ ಬಂದರೆ ಅದು ಷೇರುದಾರರಿಗೆ ಸೇರುತ್ತದೆ. ಅವರು ಎಲ್ಲೋ ಇರುತ್ತಾರೆ, ಆ ಕಂಪನಿಯ ಒಂದು ಯೂನಿಟ್ ಕರೆಂಟನ್ನೂ ಬಳಸದೇ ಇರಬಹುದು. ಸಂಘದಲ್ಲಿ ಮಾಲೀಕರೂ ಬಳಸುವವರೂ ಒಬ್ಬರೇ. ಖರ್ಚು ಕಳೆದು ಏನಾದರೂ ಉಳಿದರೆ, ಸದಸ್ಯರಿಂದ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ವಸೂಲಿಯಾಗಿದೆ ಎಂದೇ ಅರ್ಥ. ಹಾಗಾಗಿ ಅದು ಸದಸ್ಯರಿಗೇ ಹೋಗಬೇಕು.

ಎಷ್ಟು ಹೋಗಬೇಕು ಅನ್ನುವುದಕ್ಕೆ ಡೈರಿಯ ಬೋನಸ್ಸನ್ನೇ ನೆನಪಿಸಿಕೊಳ್ಳಿ. ಅದು ಷೇರಿನ ಮೇಲೆ ಬರುವುದಿಲ್ಲ, ಹಾಕಿದ ಹಾಲಿನ ಮೇಲೆ ಬರುತ್ತದೆ. ಕರೆಂಟು ಸಂಘದಲ್ಲಿ ಕಟ್ಟಿದ ಬಿಲ್ಲಿನ ಮೇಲೆ.

ಒಂದು ಲೆಕ್ಕ ಮಾಡೋಣ, ಅಂಕಿಗಳು ಸುಮ್ನೆ ಊಹೆಯವು. ಒಂದು ಸಂಘಕ್ಕೆ ವರ್ಷಕ್ಕೆ ಸದಸ್ಯರ ಬಿಲ್ಲಿನಿಂದ 2 ಕೋಟಿ ರೂಪಾಯಿ ಬಂತು. ಎಲ್ಲ ಖರ್ಚು ಕಳೆದು 10 ಲಕ್ಷ ಉಳಿಯಿತು. ಅಂದರೆ ಕಟ್ಟಿದ ಪ್ರತಿ ರೂಪಾಯಿಗೆ 5 ಪೈಸೆ. ವರ್ಷಕ್ಕೆ 6,000 ರೂಪಾಯಿ ಬಿಲ್ಲು ಕಟ್ಟಿದ ಮನೆಯ ಪಾಲು 300 ರೂಪಾಯಿ. 1,20,000 ಕಟ್ಟಿದ ಹಿಟ್ಟಿನ ಗಿರಣಿಯ ಪಾಲು 6,000.

ಡೈರಿಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲಿಂದ ಮುಂದೆ. ಡೈರಿ ಬೋನಸ್ಸು ಹೆಚ್ಚುಕಡಿಮೆ ಅದೇ ವರ್ಷದ ಲೆಕ್ಕಕ್ಕೆ ಕೈಗೆ ಬರುತ್ತದೆ. ಅಮೆರಿಕದ ವಿದ್ಯುತ್ ಸಂಘಗಳು ಈ ಪಾಲನ್ನು ಸದಸ್ಯರ ಹೆಸರಿನಲ್ಲಿ ಬರೆದಿಡುತ್ತವೆ, ದುಡ್ಡನ್ನು ಮಾತ್ರ ಕೂಡಲೇ ಕೊಡುವುದಿಲ್ಲ. ಆ ದುಡ್ಡಿನಲ್ಲಿ ಹೊಸ ಕಂಬ ನೆಡುತ್ತವೆ, ಹಳೆ ತಂತಿ ಬದಲಿಸುತ್ತವೆ. ಕೆಲವು ವರ್ಷಗಳ ನಂತರ, ಸಂಘದ ಕೈ ಸ್ವಲ್ಪ ಸಡಿಲವಾದಾಗ, ಹಳೆಯ ವರ್ಷಗಳ ಪಾಲನ್ನು ಮೊದಲು ಹಿಂದಿರುಗಿಸುತ್ತವೆ. ಹತ್ತು, ಇಪ್ಪತ್ತು ವರ್ಷ ಹಿಡಿಯುವುದೂ ಉಂಟು. ಊರು ಬಿಟ್ಟು ಹೋದವರ ಪಾಲೂ ಅವರ ಹೆಸರಿನಲ್ಲೇ ಇರುತ್ತದೆ.

ಇಷ್ಟು ತಡ ಯಾಕೆ? ವಿದ್ಯುತ್ ವಿತರಣೆಗೆ ಬಂಡವಾಳ ತುಂಬಾ ಬೇಕು. ಡೈರಿಗೆ ಒಂದು ಕಟ್ಟಡ, ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಸಾಧ್ಯವಾದರೆ ಹಾಲು ತಂಪು ಮಾಡುವ ಒಂದು ಘಟಕ, ಇಷ್ಟು ಸಾಕು. ಇಲ್ಲಿ ತಾಲ್ಲೂಕು ಪೂರ್ತಿ ಲೈನು. ಸದಸ್ಯರ ಈ ದುಡ್ಡು ಇಲ್ಲದಿದ್ದರೆ ಎಲ್ಲವನ್ನೂ ಬ್ಯಾಂಕ್ ಸಾಲದಲ್ಲೇ ಮಾಡಬೇಕು, ಅದರ ಬಡ್ಡಿ ಮತ್ತೆ ಬಿಲ್ಲಿಗೇ ಬೀಳುತ್ತದೆ. ಹಾಗಾಗಿ ಕೈಗೆ ಬಾರದೇ ಇದ್ದಾಗಲೂ ಆ ಪಾಲು ಸದಸ್ಯರಿಗಾಗಿಯೇ ಕೆಲಸ ಮಾಡುತ್ತಿರುತ್ತದೆ. 300 ರೂಪಾಯಿಗೆ ಹತ್ತು ವರ್ಷ ಕಾಯಬೇಕಾ ಅಂತ ಯಾರಾದರೂ ಕೇಳಿದರೆ ನಾನಂತೂ ಬೈಯುವುದಿಲ್ಲ. ನ್ಯಾಯವಾದ ಪ್ರಶ್ನೆಯೇ. ಅದನ್ನು ಮಹಾಸಭೆಯಲ್ಲಿ ಕೇಳಬಹುದು ಅನ್ನುವುದೇ ಮುಂದಿನ ವಿಷಯ.

ಗಿರಣಿಗೂ ಒಂದೇ ಓಟು

ಮೇಲಿನ ಲೆಕ್ಕದ ಗಿರಣಿ ಮಾಲೀಕರಿಗೆ ಮನೆಯವರ ಇಪ್ಪತ್ತರಷ್ಟು ಪಾಲು ಸಿಕ್ಕಿತು. ಚುನಾವಣೆಯಲ್ಲಿ ಮಾತ್ರ ಇಬ್ಬರಿಗೂ ಒಂದೊಂದೇ ಓಟು. ಕಂಪನಿಯಲ್ಲಾದರೆ ಷೇರಿಗೊಂದು ಓಟು. ನಿರ್ದೇಶಕರನ್ನು ಸದಸ್ಯರೇ, ಸದಸ್ಯರ ನಡುವಿನಿಂದಲೇ ಆರಿಸುತ್ತಾರೆ.

ಇದರಿಂದ ದಿನಬಳಕೆಯಲ್ಲಿ ಏನು ಸಿಗುತ್ತದೆ? ಬೇಸಿಗೆಯಲ್ಲಿ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಬೋರ್‌ವೆಲ್ ನಿಂತರೆ ನಾವು ಏನು ಮಾಡುತ್ತೇವೆ? ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಕೊಡುತ್ತೇವೆ, ಲೈನ್‌ಮನ್‌ಗೆ ಫೋನ್ ಮಾಡುತ್ತೇವೆ, ಗೊತ್ತಿರುವ ಮುಖಂಡರನ್ನು ಹಿಡಿಯುತ್ತೇವೆ. ಸಂಘದ ಸದಸ್ಯರಿಗೂ ಈ ಓಡಾಟ ತಪ್ಪುವುದಿಲ್ಲ. ಆದರೆ ಅವರಿಗೆ ಇನ್ನೊಂದು ದಾರಿ ಇದೆ. ವರ್ಷದ ಬಜೆಟ್ಟಿನಲ್ಲಿ ಬಿಡಿ ಟ್ರಾನ್ಸ್‌ಫಾರ್ಮರ್ ಖರೀದಿಗೆ ಎಷ್ಟಿಟ್ಟಿದ್ದೀರಿ, ಆಫೀಸಿನ ಕಟ್ಟಡಕ್ಕೆ ಎಷ್ಟು ಎಂದು ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಉತ್ತರ ಕೊಡದ ನಿರ್ದೇಶಕರನ್ನು ಮುಂದಿನ ಚುನಾವಣೆಯಲ್ಲಿ ಇಳಿಸಬಹುದು. ಬೆಸ್ಕಾಂನಂಥ ಕಂಪನಿಯ ಗ್ರಾಹಕರಿಗೆ ದಾರಿಯೇ ಇಲ್ಲ ಅಂತಲ್ಲ. ಕುಂದುಕೊರತೆ ವೇದಿಕೆ ಇದೆ, ದರ ಪರಿಷ್ಕರಣೆಗೆ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಆಕ್ಷೇಪಣೆ ಹೇಳಬಹುದು. ಆದರೆ ಅಲ್ಲಿ ನಾವು ದೂರುದಾರರು. ಸಂಘದಲ್ಲಿ ತೀರ್ಮಾನ ಮಾಡುವವರು.

ಕಷ್ಟ ಏನೆಂದರೆ, ಸಭೆಗೆ ಹೋಗಬೇಕು. ಸೆಪ್ಟೆಂಬರಿನ ಡೈರಿ ಮಹಾಸಭೆಗೆ ಎಷ್ಟು ಜನ ಲೆಕ್ಕ ಕೇಳಲು ಬರುತ್ತಾರೆ, ಎಷ್ಟು ಜನ ಊಟದ ಹೊತ್ತಿಗೆ ಬರುತ್ತಾರೆ ಅಂತ ನಮಗೆಲ್ಲ ಗೊತ್ತಲ್ವಾ.

ನಮ್ಮ ರಾಜ್ಯದ ಉದಾಹರಣೆ: ಹುಕ್ಕೇರಿ

1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಶುರುವಾದಾಗ, ಪ್ರಯೋಗಕ್ಕೆಂದು ದೇಶದಲ್ಲಿ ಐದು ಕಡೆ ವಿದ್ಯುತ್ ಸಹಕಾರ ಸಂಘಗಳನ್ನು ಆರಿಸಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಈಗಿನ ತೆಲಂಗಾಣದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್ ಮತ್ತು ಉತ್ತರ ಪ್ರದೇಶದ ಲಖನೌ. ಕರ್ನಾಟಕದಲ್ಲಿ ಹುಕ್ಕೇರಿ ಒಂದೇ. ಕೆಜಿಎಫ್ ದಾಟಿದರೆ ಸಿಗುವ ಆಂಧ್ರದ ಕುಪ್ಪಂನಲ್ಲೂ ಇಂಥ ಸಂಘ ಬಂತು, ಅದು ಆಮೇಲಿನದು.

ಹುಕ್ಕೇರಿ ಸಂಘ ಸ್ವತಃ ಕರೆಂಟು ಉತ್ಪಾದಿಸುವುದಿಲ್ಲ. ಸಗಟಾಗಿ ಕೊಂಡು ತಾಲ್ಲೂಕಿನ ಮನೆ, ಪಂಪ್‌ಸೆಟ್, ಅಂಗಡಿಗಳಿಗೆ ಹಂಚುತ್ತದೆ. ಅದರ ದರವನ್ನು ನಿಗದಿ ಮಾಡುವುದು ಅದೇ ನಿಯಂತ್ರಣ ಆಯೋಗ. ಇದು ಮುಖ್ಯ. ಸದಸ್ಯರು ಸಭೆ ಸೇರಿ "ಯೂನಿಟ್‌ಗೆ ಒಂದು ರೂಪಾಯಿ ಸಾಕು" ಎಂದು ಠರಾವು ಮಾಡಲು ಆಗುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ, 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ ಉಚಿತ ಅನ್ನುವಂಥವೂ ಸರ್ಕಾರದ ತೀರ್ಮಾನಗಳು. ಇವುಗಳ ದುಡ್ಡನ್ನು ವಿತರಣೆ ಮಾಡುವವರಿಗೆ ಸರ್ಕಾರ ತುಂಬಿಕೊಡಬೇಕು. ಆದ್ದರಿಂದ ನಮ್ಮ ದೇಶದಲ್ಲಿ ಸದಸ್ಯತ್ವದ ಲಾಭವನ್ನು ದರದಲ್ಲಿ ಹುಡುಕಿದರೆ ಹೆಚ್ಚೇನೂ ಕಾಣುವುದಿಲ್ಲ. ಹತ್ತಿರದಲ್ಲೇ ಆಫೀಸು, ಊರಿನವರದೇ ಆಡಳಿತ ಮಂಡಳಿ, ರಿಪೇರಿಯಲ್ಲಿ ಯಾವುದು ಮೊದಲು ಅನ್ನುವ ನಿರ್ಧಾರ, ಅಲ್ಲಿ ಹುಡುಕಬೇಕು.

ಮುಳಾ-ಪ್ರವರಾ ಕಥೆಯನ್ನೂ ಓದಿಕೊಳ್ಳಿ. ವಿದ್ಯುತ್ ಕೊಟ್ಟವರಿಗೆ ಸಂಘ ಕೊಡಬೇಕಾದ ಬಾಕಿ ಬೆಳೆಯುತ್ತಲೇ ಹೋಯಿತು. 2011ರಲ್ಲಿ ವಿತರಣೆ ಅದರ ಕೈತಪ್ಪಿ ರಾಜ್ಯದ ಕಂಪನಿಗೆ ಹೋಯಿತು. ಬಿಲ್ಲು ವಸೂಲಿಗೆ ಹೋಗುವವರು ತಮಗೆ ಓಟು ಹಾಕಿದವರ ಮನೆ ಬಾಗಿಲಿಗೇ ಹೋಗಬೇಕು. ಊರಿನವರದೇ ಆಡಳಿತ ಅನ್ನುವ ಅನುಕೂಲಕ್ಕೆ ಈ ಮುಲಾಜೂ ಅಂಟಿಕೊಂಡೇ ಬರುತ್ತದೆ.

ಕುಣಿಗಲ್ ತಾಲ್ಲೂಕಿನ ಎರಡು ಊರು

ಇವು ಕಾನೂನಿನ ಪ್ರಕಾರ ಸಹಕಾರ ಸಂಘಗಳಲ್ಲ. ಆದರೂ ತುಮಕೂರಿನವರು ಇವನ್ನು ಬಿಟ್ಟು ಈ ವಿಷಯ ಓದಬಾರದು.

ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಜೊತೆಗಾರರು ಊರಿಗೆಲ್ಲ ಒಂದೇ ಸಗಣಿ ಅನಿಲ ಸ್ಥಾವರ ಕಟ್ಟಿದರು. ಮೊದಲ ಯೋಚನೆ ಅಡುಗೆ ಅನಿಲ. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ, ಯೋಜನೆ ನಿಂತಿತು. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್ ನೀರನ್ನು ನಲ್ಲಿಗೆ ಕೊಟ್ಟರು, ಮನೆಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ದುಡ್ಡು, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವೂ ವಾಪಸ್. ಯಾರ ಮನೆಗೆ ಎಷ್ಟು ಎಂಬ ಲೆಕ್ಕ ಊರಿನವರ ಕಣ್ಣೆದುರೇ ಇತ್ತು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಲ್ಲಿ ಕರೆಂಟು ಮಾಡಿ ದೀಪ, ನೀರು, ಹಿಟ್ಟಿನ ಗಿರಣಿ ನಡೆಸಿದರು. ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಸ್ಥಾವರವೇ ಬಂತು, ಅದರ ಕರೆಂಟು ಗ್ರಿಡ್‌ಗೆ ಹೋಗುತ್ತಿತ್ತು.

ಇವುಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬರುವ ಉದಾಹರಣೆ ಪುರ. ಬಳಸುವವರನ್ನು ಕೇಳದೆ ಹೊರಗಿನವರು ಮಾಡಿದ ಆಯ್ಕೆ ಅಡುಗೆ ಅನಿಲ, ಕೇಳಿದ ಮೇಲೆ ಬಂದದ್ದು ನೀರು. ಸದಸ್ಯರ ನಿಯಂತ್ರಣ ಅನ್ನುವ ತತ್ವಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಕಡೆ ಸಿಗಲಾರದು.

ಕಾನೂನು, ಚುಟುಕಾಗಿ

ವಿದ್ಯುತ್ ಕಾಯ್ದೆ 2003ರ 5ನೇ ಕಲಂ ಗ್ರಾಮೀಣ ವಿತರಣೆಯನ್ನು ಪಂಚಾಯಿತಿ, ಬಳಕೆದಾರರ ಸಂಘ, ಸಹಕಾರ ಸಂಘಗಳ ಮೂಲಕ ಮಾಡುವ ರಾಷ್ಟ್ರೀಯ ನೀತಿಯ ಬಗ್ಗೆ ಹೇಳುತ್ತದೆ. 13ನೇ ಕಲಂ ಪ್ರಕಾರ ಇಂಥ ಸಂಘಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಸಿಗಬಹುದು. ಸಂಘದ ನೋಂದಣಿ, ಚುನಾವಣೆ, ಆಡಿಟ್‌ಗೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959.

ಸಹಕಾರ ಸಂಘಗಳ ಬಗ್ಗೆ ಸಂವಿಧಾನಕ್ಕೆ ಮಾಡಿದ 97ನೇ ತಿದ್ದುಪಡಿಯಲ್ಲಿ ಒಂದು ಗೊಂದಲ ಇದೆ, ಹುಷಾರು. ಸಹಕಾರ ಸಂಘ ಕಟ್ಟುವ ಹಕ್ಕು 19(1)(ಸಿ) ವಿಧಿಯಲ್ಲಿ ಈಗಲೂ ಇದೆ, ಸರ್ಕಾರ ಸಹಕಾರ ಸಂಘಗಳನ್ನು ಬೆಳೆಸಲು ಪ್ರಯತ್ನಿಸಬೇಕು ಅನ್ನುವ 43ಬಿ ವಿಧಿ ಕೂಡ ಇದೆ. ಆದರೆ ಸಂಘಗಳ ಆಡಳಿತ, ಚುನಾವಣೆಗೆ ನಿಯಮ ಹೇಳುವ 9ಬಿ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳ ಒಪ್ಪಿಗೆ ಪಡೆಯದೆ ಮಾಡಿದ್ದು ಕಾರಣ.

ಸೋಲಾರ್ ಸಂಘಗಳನ್ನು ಇದಕ್ಕೆ ಬೆರೆಸಬೇಡಿ

ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಸಹಕಾರ ಸಂಘ ಅಲ್ಲ. ಅಲ್ಲಿ ರೈತರು ಜಮೀನು ಗುತ್ತಿಗೆಗೆ ಕೊಟ್ಟು ವರ್ಷಕ್ಕಿಷ್ಟು ಎಂದು ಬಾಡಿಗೆ ಪಡೆಯುತ್ತಾರೆ. ಸ್ಥಾವರದ ತೀರ್ಮಾನಗಳಲ್ಲಿ ಅವರಿಗೆ ಓಟಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಢುಂಢಿಯಲ್ಲಿ 2016ರಲ್ಲಿ ಶುರುವಾದದ್ದು ನಿಜವಾದ ಸಹಕಾರ ಸಂಘ. ಆರು ರೈತರು ಸೇರಿ, ಸೋಲಾರ್ ಪಂಪಿನಲ್ಲಿ ನೀರಾವರಿ ಮಾಡಿಕೊಂಡು, ಮಿಕ್ಕ ಕರೆಂಟನ್ನು ವಿತರಣಾ ಕಂಪನಿಗೆ ಮಾರಿದರು. ಬೋರ್‌ವೆಲ್ ಆಳ ವರ್ಷ ವರ್ಷ ಏರುತ್ತಿರುವ ನಮ್ಮ ಕಡೆಗೆ ಇದು ಗಮನಿಸಬೇಕಾದ ವಿಷಯ. ಕರೆಂಟು ಮಾರಿದರೆ ಕಾಸು ಅಂತಾದಾಗ, ಬೇಡದ ನೀರು ಎತ್ತುವುದು ಕಡಿಮೆಯಾಗಬಹುದು ಅನ್ನುವುದು ಅದರ ಹಿಂದಿನ ಯೋಚನೆ. 2019ರ ಪಿಎಂ-ಕುಸುಮ್ ಯೋಜನೆಯ ಎ ಭಾಗದಲ್ಲೂ ಸಹಕಾರ ಸಂಘಗಳು 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರ ಹಾಕಲು ಅವಕಾಶ ಕೊಟ್ಟರು.

ಇವು ಉತ್ಪಾದಕರ ಸಂಘಗಳು, ಕರೆಂಟು ಮಾರುವವರವು. ಹುಕ್ಕೇರಿಯದು ಬಳಕೆದಾರರ ಸಂಘ, ಕರೆಂಟು ಕೊಳ್ಳುವವರದು. ಮೊದಲನೆಯದರಲ್ಲಿ ಸದಸ್ಯರಿಗೆ ಆದಾಯ ಬರುತ್ತದೆ, ಆದರೆ ಮನೆಗೆ ಬರುವ ಲೈನು, ಟಿಸಿ, ಲೈನ್‌ಮನ್ ಎಲ್ಲಾ ಕಂಪನಿಯ ಕೈಯಲ್ಲೇ ಉಳಿಯುತ್ತವೆ. ಎರಡನೆಯದರಲ್ಲಿ ಆದಾಯ ಇಲ್ಲ, ಆ ಲೈನಿನ ಮೇಲೆ ಅಧಿಕಾರ ಇದೆ. ಲಾಭಗಳನ್ನು ಬರೆಯಿರಿ ಎಂದು ಪ್ರಶ್ನೆ ಬಂದರೆ ಯಾವ ಸಂಘದ ಬಗ್ಗೆ ಬರೆಯುತ್ತಿದ್ದೀರಿ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ.