ಲಂಗದ ಉದ್ದ ಮೊಬೈಲಿನಲ್ಲಿಲ್ಲ

ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆದರೆ ಮೊಬೈಲ್ ಹಿಡಿದು ಬಂದು "ಅಕ್ಕಾ, ಇದೇ ನಮೂನಿ ಸ್ಕರ್ಟು ಬೇಕು, ಮೂವತ್ತೊಂದು ಇಂಚು" ಎನ್ನುವವರು ಶಿರಸಿಯ ನನ್ನ ಟೈಲರ್ ಅಂಗಡಿಗೆ ವರ್ಷವಿಡೀ ಬರುತ್ತಾರೆ. ಇಂಚಿನ ಲೆಕ್ಕ ಯಾರು ಹೇಳಿದರು ಎಂದರೆ, ಫೋಟೋದ ಕೆಳಗೆ ಬರೆದಿತ್ತಂತೆ.

ಫೋಟೋದ ಹುಡುಗಿ ಐದೂಮುಕ್ಕಾಲು ಅಡಿ ಇರಬಹುದು. ಅವಳಿಗೆ ಸೊಂಟದಿಂದ ನೆಲಕ್ಕೆ ಸುಮಾರು 43 ಇಂಚು; 31 ಇಂಚಿನ ಸ್ಕರ್ಟು ಮೀನಖಂಡದ ನಡುವೆ ನಿಲ್ಲುತ್ತದೆ. ನನ್ನೆದುರು ನಿಂತವಳು ಐದಡಿ, ಸೊಂಟದಿಂದ ನೆಲಕ್ಕೆ 38ರ ಆಸುಪಾಸು. ಅದೇ 31 ಇಂಚು ಇವಳಿಗೆ ಮೀನಖಂಡದ ಕೆಳಗೆ, ಹರಡಿನ ಕಡೆಗೆ ಇಳಿಯುತ್ತದೆ. ಆಮೇಲೆ ಬೈಗುಳ ಮಾತ್ರ ಟೈಲರಿಗೆ!

ಇಂಚು ನನಗೆ ಬಿಡಿ. ಅಂಚು ಕಾಲಿನ ಯಾವ ಜಾಗಕ್ಕೆ ಬರಬೇಕು, ಅಲ್ಲಿ ಬೆರಳಿಟ್ಟು ತೋರಿಸಿ. ಸ್ಕರ್ಟನ್ನು ಹೊಕ್ಕುಳ ಮೇಲೆ ಕಟ್ಟುತ್ತೀರೋ ಕೆಳಗೋ ಹೇಳಿ, ಅಲ್ಲೇ ಎರಡು ಮೂರು ಇಂಚು ಆಚೀಚೆ ಆಗುತ್ತದೆ. ಅದರ ಜೊತೆಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಒಂದೇ ಎತ್ತರದ ಅಕ್ಕತಂಗಿಯರಿಗೂ ಅಳತೆ ಬೇರೆ ಬರುತ್ತದೆ, ಒಬ್ಬಳ ಕಾಲು ಉದ್ದ, ಇನ್ನೊಬ್ಬಳ ಬೆನ್ನು ಉದ್ದ. ಮೀನಖಂಡ ತೀರ ದಪ್ಪಗಿರುವಲ್ಲೇ ಅಂಚು ನಿಂತರೆ ಕಾಲು ಇನ್ನೂ ದಪ್ಪ ಕಾಣುವುದುಂಟು; ಎರಡು ಬೆರಳು ಮೇಲೋ ಕೆಳಗೋ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಲ್ಲರಿಗೂ ಹಾಗೇ ಅಂತ ಬಟ್ಟೆ ನೋಡದೆ ಹೇಳಲಾರೆ.

ಮೊನ್ನೆ ಯಲ್ಲಾಪುರ ಕಡೆಯ ತಾಯಿ ಮಗಳು ಅಂಗಡಿಯಲ್ಲೇ ಜಗಳಕ್ಕಿಳಿದರು. ತಾಯಿಗೆ ಹರಡು ಮುಚ್ಚಬೇಕು, ಮಗಳಿಗೆ ಮೊಣಕಾಲು ದಾಟಬಾರದು. ಅಂಚನ್ನು ಮೊಣಕಾಲಿಗೆ ಪಿನ್ನು ಮಾಡಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಲಂಗ ಮೇಲೇರಿದ್ದು ಕಂಡು ಅವಳೇ ಅದನ್ನು ಕೆಳಗೆಳೆದುಕೊಂಡಳು. "ನಾ ಹೇಳಿದ್ದು ಎಂತ?" ಎಂದರು ತಾಯಿ. ಹರಡು ಮುಟ್ಟುವ ಲಂಗ ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಕೆಸರನ್ನೆಲ್ಲ ಮನೆಗೆ ತರುತ್ತದೆ ಎಂದು ನಾನು ಹೇಳಿದಾಗ ಅವರೂ ಸುಮ್ಮನಾದರು. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ರಾಜಿಯಾಯಿತು. ಆಮೇಲೆ ಲೈನಿಂಗಿನ ಬಣ್ಣಕ್ಕೆ ಜಗಳ ಶುರು.

ಫ್ಯಾಶನ್ನಿನ ಉದ್ದವೂ ಒಂದೇ ಕಡೆ ನಿಲ್ಲುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೂ ರೇಷನ್ ಬಂದು ಮೊಣಕಾಲಿಗೇರಿದ್ದ ಸ್ಕರ್ಟನ್ನು 1947ರಲ್ಲಿ ಪ್ಯಾರಿಸ್ಸಿನ ವಸ್ತ್ರ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಮೀನಖಂಡಕ್ಕೆ ಇಳಿಸಿದರು. 1960ರ ದಶಕದಲ್ಲಿ ಲಂಡನ್ನಿನ ವಿನ್ಯಾಸಕಿ ಮೇರಿ ಕ್ವಾಂಟ್ ಅವರ ಮಿನಿ ಸ್ಕರ್ಟು ತೊಡೆಗೇರಿತು. ಮುಂದಿನ ಜಾತ್ರೆಗೆ ಎಲ್ಲಿರುತ್ತದೋ! ಅದಕ್ಕೇ ನೆರಿಗೆ ಲಂಗಕ್ಕೆ, ನೇರ ಕಟಿಂಗಿನ ಸ್ಕರ್ಟಿಗೆ ಅಂಚಿನ ಒಳಗೆ ಎರಡು ಮೂರು ಇಂಚು ಹೆಚ್ಚು ಬಟ್ಟೆ ಮಡಿಸಿ ಬಿಡಲು ಹೇಳಿ. ಉದ್ದ ಮಾಡಲು ಬಿಚ್ಚಿದಾಗ ಹಳೇ ಮಡಿಕೆಯ ಗೆರೆ ಕಂಡರೆ ಮೇಲೊಂದು ಲೇಸು ಹೊಲಿದು ಮುಚ್ಚಬಹುದು.

ಕೊಡೆಯಂತೆ ಹರಡುವ ಅಂಬ್ರೆಲಾ ಸ್ಕರ್ಟಿಗೆ ಮಾತ್ರ ಇದನ್ನು ಕೇಳಬೇಡಿ. ಅಂಚು ದುಂಡಗಿರುತ್ತದೆ, ಅಗಲಕ್ಕೆ ಮಡಿಸಿದರೆ ಸುಕ್ಕು ಏಳುತ್ತದೆ. ಅರ್ಧ ಇಂಚಿನ ಮಡಿಕೆಯೇ ಸರಿ. ಎಳೆ ಓರೆಯಾಗಿ ಬೀಳುವ ಕಡೆ ಬಟ್ಟೆ ಜೋತು ಇಳಿಯುವುದರಿಂದ ರಾತ್ರಿಯಿಡೀ ಹ್ಯಾಂಗರಿಗೆ ನೇತುಹಾಕಬೇಕು. ಮಾರನೇ ದಿನ ನೀವು ಅದನ್ನು ಹಾಕಿ ನಿಂತಾಗ, ನೆಲದಿಂದ ಸ್ಕೇಲು ಹಿಡಿದು ಸುತ್ತಲೂ ಚಾಕ್‌ಪೀಸಿನ ಗುರುತು ಹಾಕಿಯೇ ಅಂಚು ಕತ್ತರಿಸುವುದು. ಇವತ್ತು ಕೊಟ್ಟು ನಾಳೆ ಬೆಳಿಗ್ಗೆ ಬೇಕೆಂದರೆ ಆಗುವುದಿಲ್ಲ. ಕಾಟನ್ನಾದರೆ ಒಮ್ಮೆ ನೀರಿಗೆ ಹಾಕಿ ಒಣಗಿಸಿಯೇ ತನ್ನಿ. ಆಷಾಢದಲ್ಲಿ ನಮ್ಮ ಕಡೆ ಒಣಗಲಿಕ್ಕೇ ಎರಡು ದಿನ ಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.