ಸೀರಿಯಲ್ ಕೇಬಲ್: 2 ಮತ್ತು 3 ಯಾಕೆ ಅಡ್ಡ ಹಾಯಬೇಕು?

ಯುಎಸ್‌ಬಿ ಇಲ್ಲದ, ನೆಟ್‌ವರ್ಕ್ ಕಾರ್ಡೂ ಇಲ್ಲದ ಹಳೇ ಡಾಸ್ ಕಂಪ್ಯೂಟರ್‌ನಿಂದ ಫೈಲ್ ಹೊರಗೆ ತರಬೇಕೇ? ಹಿಂದುಗಡೆಯ 9 ಪಿನ್ನಿನ ಸೀರಿಯಲ್ ಪೋರ್ಟ್ ಇದ್ದರೆ ಮೂರೇ ತಂತಿ ಸಾಕು.

ಈ ಪೋರ್ಟ್ ಪಾಲಿಸುವ ನಿಯಮ ಆರ್‌ಎಸ್-232, 1960ರಲ್ಲಿ ಅಮೆರಿಕದಲ್ಲಿ ಬಂದದ್ದು. ಅದನ್ನು ರೂಪಿಸಿದ್ದು ಟರ್ಮಿನಲ್ಲಿಗೆ (ಕೀಬೋರ್ಡ್, ಪರದೆ ಇರುವ ಯಂತ್ರ) ಮೋಡೆಮ್ (ಫೋನ್ ಲೈನ್ ಮೂಲಕ ಡೇಟಾ ಕಳಿಸುವ ಪೆಟ್ಟಿಗೆ) ಜೋಡಿಸಲು. ಎರಡು ಕಂಪ್ಯೂಟರ್ ಜೋಡಿಸುವಾಗ ತೊಡಕು ಬರುವುದು ಇದರಿಂದಲೇ. ಎರಡೂ ಟರ್ಮಿನಲ್ ಜಾಗದಲ್ಲೇ ನಿಲ್ಲುತ್ತವೆ, ಎರಡರಲ್ಲೂ 2 ಕೇಳುವ ಪಿನ್, 3 ಹೇಳುವ ಪಿನ್, 5 ಗ್ರೌಂಡ್. ನೇರ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ ಹಾಗೆ. ಅದಕ್ಕೇ ಇಲ್ಲಿನ 3 ಅಲ್ಲಿನ 2ಕ್ಕೆ, ಅಲ್ಲಿನ 3 ಇಲ್ಲಿನ 2ಕ್ಕೆ ಹೋಗಬೇಕು. 5 ಮಾತ್ರ ನೇರ. ಇದೇ ನಲ್ ಮೋಡೆಮ್ ಕೇಬಲ್.

ಇನ್ನು ವೇಗ. ಈ ತಂತಿಗಳಲ್ಲಿ ಗಡಿಯಾರದ ಸಂಕೇತ ಹರಿಯುವುದಿಲ್ಲ, ಇದು ನನಗೆ ತುಂಬಾ ಇಷ್ಟವಾದ ಭಾಗ. ಸುಮ್ನಿರುವಾಗ ತಂತಿ 1ರಲ್ಲಿರುತ್ತದೆ. ಅದು 0ಗೆ ತಿರುಗಿದ್ದೇ ಸ್ಟಾರ್ಟ್ ಬಿಟ್. ಕೇಳುವವನು ಆ ಕ್ಷಣದಿಂದ ತನ್ನದೇ ಗಡಿಯಾರದಲ್ಲಿ ಎಣಿಸುತ್ತಾ ಪ್ರತಿ ಬಿಟ್ಟಿನ ಮಧ್ಯಭಾಗದಲ್ಲಿ ಒಮ್ಮೆ ನೋಡುತ್ತಾನೆ. 8 ಡೇಟಾ ಬಿಟ್, ಕೊನೆಗೊಂದು ಸ್ಟಾಪ್ ಬಿಟ್. ಮುಂದಿನ ಅಕ್ಷರಕ್ಕೆ ಎಣಿಕೆ ಮತ್ತೆ ಹೊಸದಾಗಿ ಶುರು. ಹಾಗಾಗಿ ಗಡಿಯಾರಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ನಡೆಯುತ್ತದೆ. ಆದರೆ ಒಂದು ಕಡೆ ವೇಗ ಸೆಕೆಂಡಿಗೆ 9600 ಬಿಟ್, ಇನ್ನೊಂದು ಕಡೆ 19200 ಇಟ್ಟರೆ ಪರದೆ ತುಂಬಾ ಅರ್ಥವಿಲ್ಲದ ಚಿಹ್ನೆಗಳೇ.

ಒಂದು ಬೈಟ್‌ಗೆ 10 ಬಿಟ್ ಖರ್ಚು, ಅಲ್ವಾ? ಅಂದರೆ 9600ರಲ್ಲಿ ಸೆಕೆಂಡಿಗೆ 960 ಬೈಟ್. 1.44 ಎಂಬಿ ಫ್ಲಾಪಿಯಷ್ಟು ಡೇಟಾಗೆ 25 ನಿಮಿಷ ದಾಟುತ್ತದೆ. 1,15,200ರಲ್ಲಿ ಸುಮಾರು ಎರಡು ನಿಮಿಷ. ತೀರಾ ಹಳೇ ಯಂತ್ರ ಆ ವೇಗಕ್ಕೆ ತಡವರಿಸಿದರೆ ಇಳಿಸಿಕೊಳ್ಳಿ.

ಕಳಿಸಲು ಎಕ್ಸ್‌ಮೋಡೆಮ್ ಎಂಬ ಫೈಲ್ ಕಳಿಸುವ ವಿಧಾನ ಸಾಕು. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಬರೆದದ್ದು. 128 ಬೈಟ್‌ಗಳ ತುಂಡು ಕಳಿಸಿ, ಸರಿ ಬಂತು ಎಂಬ ಉತ್ತರಕ್ಕೆ ಕಾಯುತ್ತದೆ. ತಪ್ಪಿದ್ದರೆ ಅದೇ ತುಂಡನ್ನು ಮತ್ತೆ ಕಳಿಸುತ್ತದೆ. ಇದನ್ನು ಬಳಸುವಾಗ ಎಕ್ಸ್‌ಆನ್/ಎಕ್ಸ್‌ಆಫ್ (ಡೇಟಾ ಹರಿವನ್ನು ತಡೆದು ಬಿಡುವ ವ್ಯವಸ್ಥೆ) ಆಫ್ ಮಾಡಿ. ಅದು 17 ಮತ್ತು 19 ಎಂಬ ಬೆಲೆಯ ಬೈಟ್‌ಗಳನ್ನು "ಕಳಿಸು", "ನಿಲ್ಲಿಸು" ಎಂದು ಓದುತ್ತದೆ. ಫೈಲಿನೊಳಗೂ ಅದೇ ಬೈಟ್‌ಗಳು ಬರಬಹುದು. ಮೂರು ತಂತಿಯಲ್ಲಿ ಹಾರ್ಡ್‌ವೇರ್ ಹ್ಯಾಂಡ್‌ಶೇಕ್ (ಅದೇ ಕೆಲಸವನ್ನು ಬೇರೆ ತಂತಿಗಳಿಂದ ಮಾಡುವುದು) ಕೂಡ ಆಗದು, ಅದನ್ನೂ ಆಫ್ ಮಾಡಿ.

ಏನೂ ಬರುತ್ತಿಲ್ಲವೇ? ಕೇಬಲ್ ಬಿಚ್ಚಿ, ಒಂದೇ ಪೋರ್ಟಿನ 2 ಮತ್ತು 3ನ್ನು ಸಣ್ಣ ತಂತಿಯಿಂದ ಸೇರಿಸಿ. ಟರ್ಮಿನಲ್ ಪ್ರೋಗ್ರಾಮಿನಲ್ಲಿ ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ಪ್ರೋಗ್ರಾಮೇ ಪರದೆಗೆ ಹಾಕುವುದು) ಆಫ್ ಇಟ್ಟು ಟೈಪ್ ಮಾಡಿ. ಅಕ್ಷರ ಪರದೆಗೆ ಬಂದರೆ ಪೋರ್ಟ್ ಚೆನ್ನಾಗಿದೆ. ಇನ್ನೊಂದು ಕಂಪ್ಯೂಟರ್‌ನಲ್ಲೂ ಹೀಗೇ ನೋಡಿ. ಎರಡೂ ಸರಿಯಿದ್ದು ವೇಗವೂ ಒಂದೇ ಇದ್ದರೆ, ತಪ್ಪು ಹುಡುಕಬೇಕಾದದ್ದು ಕೇಬಲ್‌ನಲ್ಲಿ.