ಸಾಂಕ್ರಾಮಿಕ ಕಾಲದ ಉದ್ಯೋಗ: ನಿರುದ್ಯೋಗ ದರದ ಲೆಕ್ಕಕ್ಕೆ ಸಿಗದ ಮಹಿಳೆಯರು

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ, ಕೋವಿಡ್ ಹರಡಿದ 2020ರಲ್ಲಿ ಜಗತ್ತಿನಾದ್ಯಂತ ಹಿಂದಿನ ವರ್ಷಕ್ಕಿಂತ ಪುರುಷರ 6 ಕೋಟಿ, ಮಹಿಳೆಯರ 5.4 ಕೋಟಿ ಉದ್ಯೋಗಗಳು ಇಲ್ಲವಾದವು. ಹಾಗಾದರೆ ಪುರುಷರಿಗೇ ಹೆಚ್ಚು ಪೆಟ್ಟು ಬಿತ್ತೇ? ಇಲ್ಲ. ದುಡಿಯುತ್ತಿದ್ದ ಮಹಿಳೆಯರ ಸಂಖ್ಯೆಯೇ ಮೊದಲಿನಿಂದ ಕಡಿಮೆ. ಪ್ರಮಾಣ ತೆಗೆದರೆ ಮಹಿಳೆಯರ ಉದ್ಯೋಗ ಶೇ 4.2ರಷ್ಟು ಕುಸಿದಿತ್ತು, ಪುರುಷರದು ಶೇ 3ರಷ್ಟು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಸಂಖ್ಯೆ, ಪ್ರಮಾಣ ಎರಡನ್ನೂ ಕೊಡಿ.

ಸಾಮಾನ್ಯ ಆರ್ಥಿಕ ಹಿಂಜರಿತದಲ್ಲಿ ಮೊದಲು ನೆಲಕಚ್ಚುವುದು ಕಟ್ಟಡ ನಿರ್ಮಾಣ ಮತ್ತು ಕಾರ್ಖಾನೆಗಳು. ಅಲ್ಲಿ ಪುರುಷರೇ ಹೆಚ್ಚು. ಸೋಂಕು ಹರಡಿದಾಗ ನಿಲ್ಲುವುದು ಜನ ಎದುರುಬದುರಾಗಿ ಮಾಡುವ ಕೆಲಸ: ಹೋಟೆಲ್, ಚಿಲ್ಲರೆ ಮಾರಾಟ, ಪ್ರವಾಸೋದ್ಯಮ, ಮನೆಗೆಲಸ. ಇವುಗಳಲ್ಲಿ ಮಹಿಳೆಯರ ಪಾಲು ದೊಡ್ಡದು.

ಎರಡನೆಯ ಕಾರಣ ಮನೆಯೊಳಗಿದೆ. ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆ ಕೆಲಸಕ್ಕೆ ಹೋಗುವ ಸಮಯದಲ್ಲಿ ಶೇ 76.2ರಷ್ಟು ಮಹಿಳೆಯರದು ಎಂದು ಇದೇ ಸಂಸ್ಥೆ 2018ರಲ್ಲಿ ಹೇಳಿತ್ತು. ಶಾಲೆಗಳು ಮುಚ್ಚಿದಾಗ ಮಕ್ಕಳ ಜೊತೆ ಯಾರಾದರೂ ಇರಲೇಬೇಕು. ಯಾರ ಸಂಬಳ ಕಡಿಮೆಯೋ ಅವರು ಕೆಲಸ ಬಿಡುತ್ತಾರೆ, ಬಹುತೇಕ ಕಡೆ ಅದು ಹೆಂಡತಿಯ ಸಂಬಳ. ಇದನ್ನು ಅವಳ ‘ಸ್ವಂತ ಆಯ್ಕೆ’ ಎಂದು ಬರೆಯುವುದು ಅನ್ಯಾಯ ಎಂದೇ ನನ್ನ ನಂಬಿಕೆ.

ನಾವು ಹೆಚ್ಚಾಗಿ ಎಡವುವುದು ಮುಂದಿನ ಲೆಕ್ಕದಲ್ಲಿ. ಕೆಲಸವಿಲ್ಲದೆ, ಕೆಲಸಕ್ಕೆ ಸಿದ್ಧರಿದ್ದು, ಅದನ್ನು ಹುಡುಕುತ್ತಲೂ ಇರುವವರು ಮಾತ್ರ ನಿರುದ್ಯೋಗಿಗಳು. 90 ಮಹಿಳೆಯರು ದುಡಿಯುತ್ತಿದ್ದಾರೆ, 10 ಮಂದಿ ಹುಡುಕುತ್ತಿದ್ದಾರೆ ಎಂದುಕೊಳ್ಳಿ; ನಿರುದ್ಯೋಗ ದರ ಶೇ 10. ದುಡಿಯುತ್ತಿದ್ದವರಲ್ಲಿ 9 ಮಂದಿ ಕೆಲಸ ಕಳೆದುಕೊಂಡು ಹುಡುಕಾಟಕ್ಕಿಳಿದರೆ ದರ ಶೇ 19ಕ್ಕೆ ಏರುತ್ತದೆ. ಅದೇ 9 ಮಂದಿ ಮಕ್ಕಳನ್ನೋ ರೋಗಿಗಳನ್ನೋ ನೋಡಿಕೊಳ್ಳುತ್ತ ಹುಡುಕುವುದನ್ನೇ ಬಿಟ್ಟರೆ? ಶ್ರಮಬಲ, ಅಂದರೆ ದುಡಿಯುವವರು ಮತ್ತು ಕೆಲಸ ಹುಡುಕುವವರ ಒಟ್ಟು ಸಂಖ್ಯೆ, 91ಕ್ಕೆ ಇಳಿಯುತ್ತದೆ, ಅದರಲ್ಲಿ ನಿರುದ್ಯೋಗಿಗಳು 10; ದರ ಸುಮಾರು ಶೇ 11. ಕಳೆದುಹೋದ ಕೆಲಸಗಳು ಎರಡೂ ಸಲ ಒಂಬತ್ತೇ!

ಇದು ಬರೀ ಕಾಗದದ ಲೆಕ್ಕವಲ್ಲ. 2020ರಲ್ಲಿ ಇಲ್ಲವಾದ ಒಟ್ಟು 11.4 ಕೋಟಿ ಉದ್ಯೋಗಗಳಲ್ಲಿ ನಿರುದ್ಯೋಗದ ಏರಿಕೆಯಾಗಿ ಕಾಣಿಸಿದ್ದು 3.3 ಕೋಟಿ ಮಾತ್ರ ಎಂದು ಅಂದಾಜು. ಉಳಿದ 8.1 ಕೋಟಿಯಷ್ಟು ಜನ, ಮಹಿಳೆಯರೂ ಪುರುಷರೂ, ಶ್ರಮಬಲದಿಂದಲೇ ಹೊರಗುಳಿದರು. ಆದ್ದರಿಂದ ಸಾಂಕ್ರಾಮಿಕದ ಪ್ರಶ್ನೆ ಬಂದಾಗ ನಿರುದ್ಯೋಗ ದರದ ಪಕ್ಕದಲ್ಲಿ ಉದ್ಯೋಗ–ಜನಸಂಖ್ಯೆ ಅನುಪಾತವನ್ನೂ ಬರೆಯಿರಿ. ದುಡಿಯುವ ವಯಸ್ಸಿನ ಪ್ರತಿ ನೂರು ಜನರಲ್ಲಿ ಎಷ್ಟು ಮಂದಿಗೆ ಕೆಲಸವಿದೆ ಎನ್ನುವುದಷ್ಟೇ ಅದರ ಪ್ರಶ್ನೆ. ಹುಡುಕುವುದನ್ನು ಬಿಟ್ಟವರೂ ಆ ನೂರರೊಳಗೇ ಇರುತ್ತಾರೆ.